ಭಾಗಮ್ಮ ಹೂಂ ಅಂದದ್ದರ ಬಗ್ಗೆ

ನಿನ್ನೆ ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಒಂದು ವಿಷಯ ಬಿಟ್ಟಿದ್ದೆ, ಈ ಪತ್ರದಲ್ಲೂ ಬಿಡುವವಳಿದ್ದೆ. ಅಣ್ಣನ ಮನೆಯಲ್ಲಿ ಇರಲು ಒಪ್ಪಿಗೆಯೇ ಎಂದು ತಾವು ಕೇಳಿದಾಗ ಭಾಗಮ್ಮ "ಹೂಂ ರೀ" ಎಂದರು. ಆಗ ನಾನು ಚಪ್ಪಾಳೆ ತಟ್ಟಿದೆ.

ನಾನು ಆಸ್ಫಿಯಾ, ತಂದೆ ಬುರ್ಹಾನುದ್ದೀನ್, ವಯಸ್ಸು 46, ಸಮಾಜ ಕಾರ್ಯಕರ್ತೆ, ವಾಸ ಜಗತ್ ವೃತ್ತದ ಹತ್ತಿರ, ಕಲಬುರಗಿ. ಕಮಲಾಪುರದ ಠಾಣಾಧಿಕಾರಿಗಳಿಗೆ ಈ ಮೂಲಕ ತಿಳಿಸುವುದೇನೆಂದರೆ:

ಕಪನೂರ ರಸ್ತೆಯ ನಮ್ಮ ವಸತಿ ಮನೆಯಲ್ಲಿ ಬೌದ್ಧಿಕ ಅಂಗವೈಕಲ್ಯವಿರುವ ಹನ್ನೊಂದು ಜನ ಮಹಿಳೆಯರಿದ್ದಾರೆ. ಭಾಗಮ್ಮ, ವಯಸ್ಸು 37, ಅವರಲ್ಲಿ ಒಬ್ಬರು. ಅವರಿಗೆ ಮೂರ್ಛೆ ರೋಗವಿದೆ. ಗುಳಿಗೆ ತಪ್ಪಿದರೆ ಫಿಟ್ಸ್ ಬರುತ್ತದೆ. ಬಂದಾಗ ಯಾರಾದರೂ ಹತ್ತಿರವಿದ್ದು ಮಗ್ಗುಲಿಗೆ ಹೊರಳಿಸಬೇಕು.

ಜುಲೈ 27ರಂದು ಅವರ ಅಣ್ಣ ನಾಗಣ್ಣ ಕಮಲಾಪುರದಿಂದ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆಯಲು ಬಂದರು. ಹಾಗೆ ಬಂದದ್ದು ಅದೇ ಮೊದಲು. ಉಳಿದವರನ್ನು ಕರೆಯಲು ಯಾರೂ ಬಂದಿರಲಿಲ್ಲ. ಅವರೆಲ್ಲ ಗೇಟಿನ ಹತ್ತಿರ ನಿಂತು ಭಾಗಮ್ಮನ ಹೊಸ ಬಳೆ ನೋಡಿದರು. ಪಂಚಮಿಗೆ ಬಂದ ಅಣ್ಣನನ್ನು, ಹಗಲಿಡೀ ಭಾಗಮ್ಮನ ಜೊತೆ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳುವುದು ನನಗೆ ಸರಿ ಕಾಣಲಿಲ್ಲ. ಐದು ದಿನದ ಗುಳಿಗೆ ಕಟ್ಟಿಕೊಟ್ಟೆ.

ಆಗಸ್ಟ್ 1ಕ್ಕೆ ಅವರು ವಾಪಸ್ ಬರಲಿಲ್ಲ. ನಾಗಣ್ಣ ಫೋನ್ ಎತ್ತಲಿಲ್ಲ. ನಿನ್ನೆ, ಆಗಸ್ಟ್ 6ರಂದು, ನಾನು ಬಸ್ಸಿಗೆ ಹೋಗಿ ಬೆಳಿಗ್ಗೆ ಹನ್ನೊಂದೂವರೆಗೆ ಅವರ ಮನೆ ಮುಟ್ಟಿದೆ. ಬಾಗಿಲಿಗೆ ಹೊರಗಿನಿಂದ ಚಿಲಕವಿತ್ತು. ಕಿಟಕಿಯಲ್ಲಿ ನೋಡಿದೆ. ಭಾಗಮ್ಮ ಒಬ್ಬರೇ ನೆಲದ ಮೇಲೆ ಕುಳಿತಿದ್ದರು. ತಟ್ಟೆಯಲ್ಲಿ ರೊಟ್ಟಿ, ಒಂದು ಕೆಂಪು ಬಾಳೆಹಣ್ಣು. ಹಣೆಯ ಎಡಗಡೆ ಗಾಯ ಒಣಗಿತ್ತು. ಮಡಿಲಲ್ಲಿ ಚಪ್ಪಲಿ ಇದ್ದವು. ಚಿಲಕ ತೆಗೆಯುವ ಹಕ್ಕು ನನಗಿದೆಯೇ ಎಂದು ಯೋಚಿಸುತ್ತ ಸ್ವಲ್ಪ ಹೊತ್ತು ನಿಂತೆ. ತೆಗೆಯಲಿಲ್ಲ. ಒಂದು ಕಿಲೋಮೀಟರ್ ನಡೆದು ಠಾಣೆಗೆ ಬಂದೆ.

ಪೇದೆ ಮರೆಪ್ಪ ಬಾಳೆ ತೋಟದ ಕೆಲಸದಲ್ಲಿದ್ದ ನಾಗಣ್ಣನನ್ನೂ ಮನೆಯಲ್ಲಿದ್ದ ಭಾಗಮ್ಮನನ್ನೂ ಕರೆತಂದರು. ಗುಳಿಗೆಯ ಬಗ್ಗೆ ಕೇಳಿದ್ದಕ್ಕೆ ನಾಗಣ್ಣ, "ಅದು ತಿಂದ್ರ ಮಂಕ ಬಡದಾಂಗ ಕುಂಡ್ರತಾಳ ರೀ, ಬಿಡ್ಸೀನಿ" ಎಂದರು. ಗಾಯ ಜಾರಿಬಿದ್ದು ಆದದ್ದೆಂದರು. "ಪಂಚಮಿಗಿ ಬಂದ ತಂಗೀನ ತಿರುಗಿ ಹಾಸ್ಟೆಲಿಗಿ ಬಿಟ್ಟು ಬಂದ್ರ ಓಣ್ಯಾಗ ಮಂದಿ ಮಕಕ್ಕ ಉಗುಳ್ತಾರ. ನೀವೇನು ಆಕಿಗಿ ಹಡದೀರೇನು?" ಎಂದೂ ನನ್ನನ್ನು ಕೇಳಿದರು. ಹಾಗೆ ಹೇಳುತ್ತಲೇ ತಂಗಿಯ ಸೆರಗು ಸರಿಮಾಡಿದರು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ.

ತಾವು ಭಾಗಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಸಮಾಧಾನದಿಂದಲೇ ಕೇಳಿದಿರಿ. ತಪ್ಪು ನಮ್ಮದು. ನಮ್ಮ ಮನೆಗೆ ಬರುವ ಅತಿಥಿಗಳು, ಅಧಿಕಾರಿಗಳು ಊಟ ಆಯಿತೇ, ಆರಾಮೇ ಎಂದು ಕೇಳುತ್ತಾರೆ. ಯಾರೂ ಸುಮ್ಮನೆ ಕೂರಬಾರದೆಂದು, ಏನು ಕೇಳಿದರೂ "ಹೂಂ ರೀ" ಅನ್ನಲು ಕಲಿಸಿದವಳು ನಾನು. ಅಂದ ಕೂಡಲೇ ಚಪ್ಪಾಳೆ ತಟ್ಟುತ್ತೇವೆ. ನಿನ್ನೆ ಭಾಗಮ್ಮ ಹಾಗೆ ಅಂದು, ತಿರುಗಿ ನನ್ನ ಕೈಗಳನ್ನೇ ನೋಡುತ್ತ ಕಾದರು. ನಾನು ತಟ್ಟಿದೆ. ತಾವು ಅದನ್ನು ನನ್ನ ಸಮ್ಮತಿ ಎಂದು ತಿಳಿದು, ಅವರನ್ನು ಅಣ್ಣನ ಜೊತೆ ಕಳುಹಿಸಿದಿರಿ.

ಹೊರಗೆ, ನಾಗಣ್ಣ ಆಟೊ ನೋಡಲು ಹೋಗಿದ್ದಾಗ, ಮರೆಪ್ಪ "ಅಕ್ಕಾರ, ಈಕಿ ಏನ್ ಕೇಳಿದ್ರೂ ಹೂಂ ಅಂತಾಳೇನ್ರಿ?" ಎಂದು ನನ್ನನ್ನು ಕೇಳಿ, ಭಾಗಮ್ಮನಿಗೆ "ತಂಗೆವ್ವ, ನಾ ಡೀಸಿ ಸಾಹೇಬ ಹೌದಿಲ್ಲೋ?" ಎಂದರು. ಭಾಗಮ್ಮ "ಹೂಂ ರೀ" ಎಂದರು. "ನೋಡ್ರಿ, ನಿಂತಲ್ಲೇ ಪ್ರಮೋಷನ್ ಆತು" ಎಂದು ಮರೆಪ್ಪ ನಕ್ಕರು. ಆಗ ನಾನು, "ಭಾಗಮ್ಮ, ಅಣ್ಣನ ಮನ್ಯಾಗ ಇರೂದು ಬ್ಯಾಡೇನು?" ಎಂದು ಕೇಳಿದೆ. ಅದೇ ದನಿಯಲ್ಲಿ "ಹೂಂ ರೀ" ಎಂದು ನನ್ನ ಕೈ ನೋಡಿದರು. ಮರೆಪ್ಪನ ನಗು ನಿಂತಿತು. ಅಷ್ಟರಲ್ಲಿ ಆಟೊ ಬಂತು. ನನ್ನಲ್ಲಿದ್ದ ಗುಳಿಗೆಗಳನ್ನು ನಾಗಣ್ಣನ ಕೈಗೆ ಕೊಟ್ಟೆ. ಅವರು ಜೇಬಿಗೆ ಹಾಕಿಕೊಂಡರು.

ಇನ್ನೊಂದು ಮಾತು. ಆಸ್ಪತ್ರೆಗೆ ಹೋಗಲಿ, ಯಾರದಾದರೂ ಮದುವೆಗೆ ಹೋಗಲಿ, ಅಲ್ಲಿಂದ ಹೊರಡಬೇಕು ಅನಿಸಿದಾಗ ಭಾಗಮ್ಮ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ. ಇರಲು ಮನಸ್ಸಿದ್ದರೆ ಬಾಗಿಲಲ್ಲಿ ಬಿಟ್ಟು ಮರೆತೇಬಿಡುತ್ತಾರೆ. ಇದನ್ನು ಯಾರೂ ಅವರಿಗೆ ಕಲಿಸಿಲ್ಲ. ನಿನ್ನೆ ಠಾಣೆಯಲ್ಲಿ ಇದ್ದಷ್ಟು ಹೊತ್ತೂ ಚಪ್ಪಲಿಗಳನ್ನು ಎದೆಗೆ ಒತ್ತಿ ಹಿಡಿದಿದ್ದರು. ಆಟೊ ಹತ್ತುವಾಗಲೂ ಬರಿಗಾಲಲ್ಲಿದ್ದರು.

ಅವರು ಹೋಗಬೇಕೆಂದಿರುವುದು ನಮ್ಮ ಮನೆಗೇ ಎಂದು ನಾನು ಆಣೆ ಮಾಡಲಾರೆ. ಆದ್ದರಿಂದ ಅವರನ್ನು ಮತ್ತೊಮ್ಮೆ ಕೇಳಬೇಕೆಂದು ಕೋರುತ್ತೇನೆ. ಅಣ್ಣನ ಮನೆಯಲ್ಲಿ ಒಮ್ಮೆ, ನಮ್ಮ ಮನೆಯಲ್ಲಿ ಒಮ್ಮೆ ಕೂರಿಸಿ, ಬಾಯಿಮಾತು ಬಿಟ್ಟು ಚಪ್ಪಲಿ ಎಲ್ಲಿವೆ ನೋಡಿ. ಎರಡೂ ಕಡೆ ನಾನು ಇರಬಾರದು. ಇದ್ದರೆ ಅವರು ನನ್ನ ಕೈಗಳನ್ನು ನೋಡುತ್ತಾರೆ. ಅದಕ್ಕೇ ಈ ಪತ್ರ ತರಲು ನಾನೇ ಬರುತ್ತಿಲ್ಲ; ಬಂದರೆ ತಾವು ಅವರನ್ನು ಮತ್ತೆ ನನ್ನೆದುರೇ ಕರೆಸಿ ಕೇಳಬಹುದು. ಅಲ್ಲಿಯವರೆಗೆ ಚಿಲಕ ಹಾಕದಂತೆ, ಗುಳಿಗೆ ತಪ್ಪದಂತೆ ಮರೆಪ್ಪ ದಿನಾ ಒಮ್ಮೆ ಆ ಮನೆಗೆ ಹೋಗಿ ನೋಡಲಿ.

ಮೇಲೆ ಬರೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ನಾನೇ ಮಾಡಿದ್ದು; ಓದಿ ನೋಡಿದ್ದೇನೆ, ನಿಜವಾಗಿದೆ.

ಸ್ಥಳ: ಕಲಬುರಗಿ
ಸಹಿ: ಆಸ್ಫಿಯಾ
ಸ್ಪೀಡ್ ಪೋಸ್ಟಿಗೆ ಹಾಕುವ ದಿನ: ಇಂದೇ, 7 ಆಗಸ್ಟ್ 2025, ಗುರುವಾರ