ಹಗ್ಗ ಹಿಡಿದವನ ಅಂಗೈ

ಈ ಹೊಸ ಪೀಠದ ಮೇಲೆ ನಾನಿನ್ನೂ ಕೂತಿಲ್ಲ, ಗಮನಿಸಿದ್ದೀರಿ. ಮಂಡಿ ನೋವೇನಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಕಥೆ.

ಒಬ್ಬ ಶ್ರೀಮಂತ. ಯಾವ ಊರಿನವನು ಎಂದು ಕೇಳಬೇಡಿ, ಪಕ್ಕದಲ್ಲಿ ಕೂತವರಿಗೆ ಮುಜುಗರವಾದೀತು. ಬೆಟ್ಟದ ಮೇಲಿನ ಹಳೆಯ ಕಾಡಿನಲ್ಲಿ ನಲವತ್ತು ಹೆಬ್ಬಲಸಿನ ಮರ ಕಡಿಯಲು ಅವನಿಗೆ ಅಪ್ಪಣೆ ಸಿಕ್ಕಿತು. ಹೇಗೆ ಸಿಕ್ಕಿತು? ಅದು ಬೇರೆ ಪ್ರವಚನ. ಜೀಪು ಹತ್ತಿ ಹೋದ. ಮೊದಲ ಮರದ ಬುಡದಲ್ಲಿ ಜೇನು ಇಳಿಸುವ ಮುದುಕನೊಬ್ಬ ಕೂತಿದ್ದ. ಅವನ ಹಿಂದೆ ಹಾಡಿಯ, ಅಂದರೆ ಕಾಡಿನೊಳಗಿನ ಅವರ ಕೇರಿಯ ಜನ.

"ಏಯ್, ಏಳಯ್ಯ ಮೇಲೆ. ಇದೇನು ನಿಮ್ಮಪ್ಪನ ಕಾಡಾ?"

"ಹ್ಞೂಂ ಬುದ್ಧಿ. ಅಪ್ಪ ಅಗೋ, ಆ ಬೇರಿನ ಪಕ್ಕ ಮಲಗವ್ನೆ. ತಾತ ಈ ಕಡೆ."

ಬುದ್ಧಿ ಎಂದು ಕರೆದದ್ದು, ನೋಡಿ, ಅವರ ಮರ್ಯಾದೆ. ಇವನಲ್ಲಿತ್ತು ಎಂದಲ್ಲ.

ಮುದುಕ ಮತ್ತೆ ಹೇಳಿದ: "ಕಡಿಯಕ್ಕೆ ಮುಂಚೆ ಒಂದ್ಸಲ ಹತ್ತಿ ನೋಡಿ ಬುದ್ಧಿ. ನೋಡುದ್ಮೇಲೂ ಕಡೀಬೇಕು ಅನ್ಸುದ್ರೆ, ಈ ಒಂದು ಮರಕ್ಕೆ ನಾವು ಅಡ್ಡ ಬರಾಕಿಲ್ಲ." ಮೇಲಿನಿಂದ ಕಾಡು ನೋಡಿದವನು ಕಡಿಯಲಾರ ಎಂದು ನಂಬಿದ. ಅವನು ಮಾಡಿದ ತಪ್ಪು ಅದೊಂದೇ.

ಶ್ರೀಮಂತ ಒಪ್ಪಿದ. ಫೋಟೋ ಚೆನ್ನಾಗಿ ಬರುತ್ತದಲ್ಲ. ಮೇಲಿನ ಕೊಂಬೆಗೆ ಹಾಯಿಸಿದ್ದ ಹಗ್ಗದ ತುದಿಯನ್ನು ಅವನ ಸೊಂಟಕ್ಕೆ ಬಿಗಿದರು. "ನಿಮ್ ಬಾಮೈದ ಎಲ್ಲಿ ಬುದ್ಧಿ?" ಎಂದ ಮುದುಕ.

ಅವರ ಪದ್ಧತಿ ಹಾಗೆ. ಗಂಡ ಜೇನಿಗೆ ಹತ್ತಿದರೆ ಕೆಳಗೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮ. ಬೇರೆಯವರು ಮುಟ್ಟುವಂತಿಲ್ಲ. ಅಕ್ಕನ ಬಾಳು ಆ ಹಗ್ಗದಲ್ಲಿದೆ, ತಮ್ಮ ಕೈ ಬಿಡುವುದಿಲ್ಲ.

ಬಾಮೈದ ಹಿಂದಿನ ಜೀಪಿನಲ್ಲೇ ಇದ್ದ. ಅಂಗಿಯ ತೋಳು ಮಡಿಸಿಕೊಂಡು ಬಂದ. "ಕೊಡಿ ಭಾವ, ನಾನು ಹಿಡ್ಕೋತೀನಿ."

ಶ್ರೀಮಂತನ ಗಂಟಲು ಹಳೆಯ ಹಾರ್ಮೋನಿಯಂ ಆಯಿತು. "ಇ...ವನಾ? ಬೇಡ. ಇವನ ಕೈಗೆ ಮಾತ್ರ ಕೊಡಬೇಡಿ." ಬಾಮೈದನಿಗೆ ಬರಬೇಕಿದ್ದ ಮಾವನ ತೋಟವನ್ನು ತಾನು ನುಂಗಿದ್ದು ನೆನಪಾಗಿರಬೇಕು. ಮ್ಯಾನೇಜರ್? ಬೇಡ. ಒಡಹುಟ್ಟಿದ ತಮ್ಮ? ಬೇಡವೇ ಬೇಡ. ಕೊನೆಗೆ ಮುದುಕನಿಗೆ, "ನೀನೇ ಹಿಡ್ಕೊಳ್ಳಯ್ಯ."

ಯಾರ ಅಪ್ಪನನ್ನು ಹೂತ ನೆಲಕ್ಕೆ ಗರಗಸ ತಂದಿದ್ದನೋ ಅವನ ಕೈಗೇ ಪ್ರಾಣ ಕೊಟ್ಟ. ನಂಬಲು ಬೇರೆ ಯಾರೂ ಇರಲಿಲ್ಲ. ನಿಮಗಿದ್ದಾರಾ?

ಜೇನಿಳಿಸುವವರು ಕಾಂಡಕ್ಕೆ ಹೊಡೆದಿದ್ದ ಗೂಟಗಳ ಮೇಲೆ ಕಾಲಿಟ್ಟು ತುದಿ ಮುಟ್ಟಿದ. ಏನು ನೋಡಿದ? ಕಾಡನ್ನಲ್ಲ. ಉಳಿದ ಮೂವತ್ತೊಂಬತ್ತು ಮರ ಎಲ್ಲೆಲ್ಲಿವೆ ಎಂದು ನೋಡಿದ. ಇಳಿಯುವಾಗ ಕಾಲು ಜಾರಿತು. ಹಗ್ಗ ಮುದುಕನ ಅಂಗೈ ಸುಲಿದುಕೊಂಡು ಓಡಿತು. ಮುದುಕ ಬಿಡಲಿಲ್ಲ. ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ನೆಲಕ್ಕಿಳಿಸಿದ.

ಶ್ರೀಮಂತ ಪ್ಯಾಂಟು ಕೊಡವಿಕೊಂಡ. ಏನಂದ? ಮನಸ್ಸು ಕರಗಿತು, ಕಾಲಿಗೆ ಬಿದ್ದ ಎಂಬ ಕಥೆ ಕೇಳಿ ಹಾಯಾಗಿ ಮನೆಗೆ ಹೋಗೋಣ ಎಂದು ಬಂದಿದ್ದೀರಿ. ಇಲ್ಲ. "ಕಡೀರಿ" ಎಂದ.

ಮುದುಕ ಮಾತಿಗೆ ತಪ್ಪದೆ ಸರಿದು ನಿಂತ. ಮರ ಬಿತ್ತು. "ಬಿಟ್ಬುಡಬೇಕಿತ್ತು ಹಗ್ಗವ" ಎಂದು ಅವನ ಹೆಂಡತಿ ಅತ್ತಳು.

"ಹಿಡಿದ್ಮೇಲೆ ಬಿಡಕ್ಕಾದದಾ? ಮಾತು ಕೊಟ್ಟಿದ್ದು ಒಂದು ಮರಕ್ಕೆ. ಮಿಕ್ಕಿದ್ದಕ್ಕೆ ನಾವಿದ್ದೀವಿ." ಅದೇ ಹಗ್ಗದಿಂದ ಎರಡನೆಯ ಮರಕ್ಕೆ ತನ್ನನ್ನು ಕಟ್ಟಿಕೊಂಡ. ಹಾಡಿಯವರು ಒಂದೊಂದು ಮರ ಹಿಡಿದರು. ಗರಗಸ ಅವತ್ತಿಗೆ ಬೆಟ್ಟ ಇಳಿಯಿತು. ಇವತ್ತಿಗೆ ಎರಡು ತಿಂಗಳು.

ಹೌದು, ಇವತ್ತಿಗೆ. ಬಿದ್ದ ಮರ ಏನಾಯಿತು? ಇಗೋ, ಈ ಪೀಠ. ದಾನಿಗಳು ಮೊದಲ ಸಾಲಿನಲ್ಲಿದ್ದಾರೆ. ಏಳಬೇಡಿ ಸ್ವಾಮಿ, ಮುಗಿದಿಲ್ಲ.

ನೀವೆಲ್ಲ ಅವರನ್ನೇ ಯಾಕೆ ನೋಡುತ್ತೀರಿ? ನಿಮ್ಮ ಮುಂಬಾಗಿಲು ಯಾವ ಕಾಡಿನದು? ಕೇಳಿದ್ದೀರಾ? ನಿಮ್ಮ ಪಂಚಾಮೃತಕ್ಕೆ ಅವರ ಜೇನು ಬೇಕು. ಜೇನು ತಂದವನು ಮಾತ್ರ ಅಂಗಳ ದಾಟಬಾರದು. ಅಂಗೈ ಸುಲಿದುಹೋದವನ ಜೇನು ನೆಕ್ಕಿ ದೇವರಿಗೆ ಕೈ ಮುಗಿಯಲು ನಾಚಿಕೆಯಾಗುವುದಿಲ್ಲವೇ?

ನಾಳೆಯಿಂದ ಬಡಗಿಯನ್ನು ಕೇಳಿ, ಈ ಮರ ಎಲ್ಲಿಯದು? ಅವನು ತಡವರಿಸಿದರೆ ಆ ಬಾಗಿಲು ಬೇಡ. ಜೇನು ತಂದವನನ್ನು ಒಳಗೆ ಕರೆದು ಮಣೆ ಹಾಕಿ.

ಸೋಮವಾರ ಬೆಳಿಗ್ಗೆ ಗರಗಸ ಮತ್ತೆ ಬೆಟ್ಟ ಹತ್ತುತ್ತದೆ. ಅಲ್ಲಿ ಮೂವತ್ತೊಂಬತ್ತು ಮರ. ಹಾಡಿಯಲ್ಲಿ ನಿಲ್ಲಬಲ್ಲವರು ಇಪ್ಪತ್ತಾರು ಜನ. ಹದಿಮೂರು ಮರಕ್ಕೆ ಯಾರೂ ಇಲ್ಲ. ಒಂದಕ್ಕೆ ನಾನು ಹೋಗುತ್ತೇನೆ, ಈ ಪೀಠ ಖಾಲಿಯೇ ಇರಲಿ.

ಉಳಿದದ್ದು ಹನ್ನೆರಡು. ಹಗ್ಗ ತನ್ನಿ. ನಂಬುವಂಥ ಬಾಮೈದ ಇದ್ದರೆ ಅವನನ್ನೂ ಕರೆತನ್ನಿ.