ದಿಂಬಿಗೆ ಬಾಯೊತ್ತಿ ಕೆಮ್ಮಿದ ಮಗು

ಪ್ರಿಯರೇ, ಸಮುದ್ರದಾಚೆಯ ಒಂದು ದೇಶದಲ್ಲಿ, ಇನ್ನೂರು ವರ್ಷದ ಹಿಂದೆ ಅಂತಿಟ್ಟುಕೊಳ್ಳಿ, ಪಿಯಾನೋಗೆ ಸಂಗೀತ ಬರೆಯುವವನೊಬ್ಬ ಇದ್ದ. ಅವನು ಬರೆದ ಜೋಗುಳ ಕೇಳಿದರೆ ಹಠಮಾರಿ ಮಗುವೂ ಕಣ್ಣು ಮುಚ್ಚುತ್ತಿತ್ತಂತೆ. ಊರಿನ ಮಕ್ಕಳೆಲ್ಲ ಅವನ ಸಂಗೀತದಲ್ಲೇ ಮಲಗುತ್ತಿದ್ದವು. ಸರಿ, ಅವನ ಸ್ವಂತ ಮನೆಯಲ್ಲಿ ಹೇಗಿತ್ತು?

ಆ ಮನೆಯಲ್ಲಿ ಒಂದು ಪದ್ಧತಿ. ಅವನು ಬರೆಯಲು ಕೂತಾಗ ಕೋಣೆಯ ಬಾಗಿಲಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟುತ್ತಿದ್ದ. ಪಟ್ಟಿ ಇರುವಷ್ಟು ಹೊತ್ತು ಮನೆಯಲ್ಲಿ ಸದ್ದಾಗಬಾರದು. ಹೆಂಡತಿ ಮರದ ಸೌಟಿನಲ್ಲೇ ಅಡುಗೆ ಮಾಡಬೇಕು. ಆರು ವರ್ಷದ ಮಗಳು ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಓಡಾಡಬೇಕು. ಕೆಮ್ಮು ಬಂದರೆ ದಿಂಬಿಗೆ ಬಾಯೊತ್ತಿ ಕೆಮ್ಮಬೇಕು. ಇದನ್ನೆಲ್ಲ ಮಗುವಿಗೆ ಕಲಿಸಿದ್ದು ಯಾರು? ತಾಯಿಯೇ. ಪ್ರೀತಿಯಿಂದಲೇ ಕಲಿಸಿದಳು, ನೋಡಿ.

ಪಕ್ಕದ ಮನೆಯ ಅಜ್ಜಿ ಬಂದಾಗಲೆಲ್ಲ ಚುಚ್ಚುತ್ತಿದ್ದಳು. "ಏನಮ್ಮಾ, ನಿಮ್ಮನೇಲಿ ಇರೋದು ಮಗುನಾ, ಗೊಂಬೆನಾ? ಉಸಿರಾಡೋದೂ ಕೇಳಿಸಲ್ವಲ್ಲ."

"ಜಾಣೆ ಅಜ್ಜಿ ಅವಳು. ಹೇಳಿದ ಮಾತು ಕೇಳ್ತಾಳೆ," ಎಂದು ತಾಯಿ ಹೆಮ್ಮೆಪಡುತ್ತಿದ್ದಳು.

ಒಂದು ಮಧ್ಯಾಹ್ನ ಮಗುವಿಗೆ ಗಂಟಲು ಬಾತುಕೊಂಡಿತು. ತಾಯಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಒಳಗೆ ಬಂದಾಗ ಮಗು ಮಂಚದ ಮೇಲೆ ಬೋರಲು ಮಲಗಿತ್ತು. ನಿದ್ದೆ ಬಂದಿರಬೇಕು ಎಂದುಕೊಂಡು ತಿರುಗಿ ಹೊರಟವಳಿಗೆ ಅದರ ಬೆನ್ನು ಎದ್ದೆದ್ದು ಬೀಳುವುದು ಕಾಣಿಸಿತು. ಎತ್ತಿ ತಿರುಗಿಸಿದರೆ ತುಟಿ ನೀಲಿ. ದಿಂಬು ಒದ್ದೆ. ಮಗು ಅಷ್ಟು ಹೊತ್ತು ಅದಕ್ಕೆ ಬಾಯೊತ್ತಿ ಕೆಮ್ಮುತ್ತಲೇ ಇತ್ತು, ಪ್ರಿಯರೇ. ಉಸಿರು ಎಳೆದಾಗಲೆಲ್ಲ ಸಣ್ಣ ಸೀಟಿಯಂಥ ಸದ್ದು.

ಡಾಕ್ಟರ ಮನೆ ಸೇತುವೆಯಾಚೆ. ಅಷ್ಟು ದೂರ ಓಡಬಲ್ಲವನು ಗಂಡನೊಬ್ಬನೇ. ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನ ಕೋಣೆಯ ಮುಂದೆ ಬಂದಳು. ಬಾಗಿಲಲ್ಲಿ ಕೆಂಪು ಪಟ್ಟಿ.

ಅವಳ ಗಾಬರಿ ಕಂಡು ಪಕ್ಕದ ಮನೆಯಿಂದ ಹಿಂದೆಯೇ ಬಂದ ಅಜ್ಜಿ ಪಿಸುಗುಟ್ಟಿದಳು. "ಬಾಗಿಲು ಬಡಿಯೇ. ಒಂದು ಬಟ್ಟೆ ಚೂರಿಗೆ ಹೆದರ್ತಾರಾ?"

"ಹಿಂದೆ ಒಂದ್ಸಲ ಬಡಿದಿದ್ದೆ ಅಜ್ಜಿ. ಎಂಟು ದಿನ ಬರೆದಿದ್ದನ್ನೆಲ್ಲ ಹರಿದು ಒಲೆಗೆ ಹಾಕಿದ್ರು. ತಿಂಗಳಾನುಗಟ್ಟಲೆ ಮಾತಾಡಲಿಲ್ಲ."

ನೋಡಿ, ಹೆತ್ತ ತಾಯಿ ಅವಳು. ಹೆಗಲ ಮೇಲೆ ಮಗುವಿನ ಉಸಿರು ಕಟ್ಟುತ್ತಿದೆ. ಆದರೂ ಎತ್ತಿದ ಕೈ ಬಾಗಿಲಿಗೆ ತಾಗಲಿಲ್ಲ. ಈ ಸಾಲು ಮುಗಿಸಲಿ, ಆಮೇಲೆ ಬಡಿಯುತ್ತೇನೆ. ಇನ್ನೊಂದು ಸಾಲು, ಇನ್ನೊಂದೇ ಸಾಲು. ಹೀಗೆ ಎಣಿಸುತ್ತ ನಿಂತಳು.

ಅಷ್ಟರಲ್ಲಿ ಒಳಗೆ ಪಿಯಾನೋ ನಿಂತಿತು. ಅಬ್ಬಾ, ಮಗುವಿನ ಸದ್ದು ಕೇಳಿಸಿತು, ಎದ್ದು ಬರುತ್ತಾರೆ ಎಂದುಕೊಂಡಳು. ಬರಲಿಲ್ಲ. ಪಿಯಾನೋ ಮತ್ತೆ ನುಡಿಯಿತು. ಎರಡೇ ಸ್ವರ, ಮೇಲೊಂದು, ಕೆಳಗೊಂದು. ಅವಳ ಹೆಗಲ ಮೇಲೆ ಸೀಟಿ ಹೊಡೆಯುತ್ತಿದ್ದ ಉಸಿರಿನದೇ ಸ್ವರ. ಅವನಿಗೆ ಕೇಳಿಸಿತ್ತು, ಪ್ರಿಯರೇ. ಚೆನ್ನಾಗಿಯೇ ಕೇಳಿಸಿತ್ತು. ಕೇಳಿದ್ದನ್ನು ಅವನು ಬರೆದುಕೊಳ್ಳುತ್ತಿದ್ದ.

ಆಗ ಅವಳು ಕಾಲಿನಿಂದ ಒದ್ದು ಬಾಗಿಲು ತೆರೆದಳು.

ಅವನು ತಲೆಯೆತ್ತದೆ ಕೈ ಅಡ್ಡ ಹಿಡಿದ. "ಇರು, ಇರು. ಆ ಸದ್ದು ಎಲ್ಲಿಂದ ಬಂತು? ಇನ್ನೊಂದು ಸಲ ಬರಲಿ."

"ಇನ್ನೊಂದು ಸಲ ಬರುತ್ತೋ ಇಲ್ವೋ ನಂಗೊತ್ತಿಲ್ಲ ರೀ. ಇತ್ತ ತಿರುಗಿ ನೋಡಿ."

ತಿರುಗಿ ನೋಡಿದ. ಕಾಲಿಗೆ ಏನೂ ಮೆಟ್ಟದೆ ಸೇತುವೆಯತ್ತ ಓಡಿದ.

ಡಾಕ್ಟರು ಬಂದರು. ಗಂಟಲಿನ ಕಫ ತೆಗೆದರು. ಮಗು ಉಳಿಯಿತು. ಕೈ ತೊಳೆಯುತ್ತ ಅವರು ಕೇಳಿದ್ದು ಒಂದೇ ಮಾತು. "ಇಷ್ಟಾಗುವವರೆಗೂ ಈ ಮಗು ಯಾಕೆ ಕೂಗಲಿಲ್ಲ?"

ಆ ಅಪ್ಪನೇನು ಕೆಟ್ಟವನೇ? ಅಲ್ಲ. ಅಂದೇ ಪಟ್ಟಿ ಕಿತ್ತು ಬೆಂಕಿಗೆ ಹಾಕಿದ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅತ್ತ. "ಇನ್ಮೇಲೆ ಎಷ್ಟು ಬೇಕಾದ್ರೂ ಕೂಗು ಕಂದಾ, ಅಪ್ಪ ಎದ್ದು ಬರ್ತೀನಿ" ಎಂದ. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು, ಅಲ್ಲವೇ?

ತಿಂಗಳ ನಂತರ ತಾಯಿ ಅಂಗಡಿಯಿಂದ ಬಂದಾಗ ನೆಲದ ಮೇಲೆ ರಕ್ತದ ಹೆಜ್ಜೆಗಳು. ಒಡೆದ ಲೋಟದ ಹತ್ತಿರದಿಂದ ಅಪ್ಪನ ಕೋಣೆಯವರೆಗೂ ಹೋಗಿದ್ದವು. ಬಾಗಿಲು ತೆರೆದೇ ಇತ್ತು. ಹೆಜ್ಜೆಗಳು ಹೊಸ್ತಿಲ ತನಕ ಹೋಗಿ, ಅಲ್ಲಿಂದ ಹಿಂದಿರುಗಿದ್ದವು. ಮಗು ಮಂಚದ ಮೂಲೆಯಲ್ಲಿ ಕಾಲು ಹಿಡಿದು, ದಿಂಬು ಕಚ್ಚಿಕೊಂಡು ಕೂತಿತ್ತು.

"ಅಪ್ಪನ್ನ ಕರೀಬೇಕಿತ್ತಲ್ಲ, ಚಿನ್ನಾ?"

"ಅಪ್ಪ ಬರೀತಿದ್ರಮ್ಮ," ಎಂದಿತು ಮಗು.

ಪ್ರಿಯರೇ, ನಾವೇನು ಸಂಗೀತ ಬರೆಯುವವರಲ್ಲ. ಆದರೆ ನಮ್ಮ ಮನೆಯಲ್ಲಿ ಪಟ್ಟಿ ಇಲ್ಲವೇ? ಒಬ್ಬರಿಗೆ ಮೊಬೈಲು, ಒಬ್ಬರಿಗೆ ಧಾರಾವಾಹಿ, ಒಬ್ಬರಿಗೆ ಆಫೀಸಿನ ಕೆಲಸ. ಕಡೆಗೆ ಪ್ರಾರ್ಥನೆಗೆ ಕೂತಾಗಲೂ "ಶ್, ಆಮೇಲೆ ಬಾ" ಎಂದು ಗದರುತ್ತೇವೆ. ಮಗು ಒಂದು ಸಲ ಆಮೇಲೆ ಬರುತ್ತದೆ. ಎರಡು ಸಲ ಬರುತ್ತದೆ. ಮೂರನೆಯ ಸಲ ಬರುವುದಿಲ್ಲ. ನಾವು ಅದನ್ನು ಜಾಣತನ ಎನ್ನುತ್ತೇವೆ.

ನಾಳೆ ಬೆಳಗ್ಗೆ ಹಂಚಿನ ಮೇಲೆ ದೋಸೆ ಇದ್ದಾಗಲೇ ಮಗು ಬಂದು ಸೆರಗು ಎಳೆಯುತ್ತದೆ. ಉರಿ ಸಣ್ಣ ಮಾಡಿ. ಬಗ್ಗಿ ಅದರ ಮುಖ ನೋಡಿ, ಮಾತು ಮುಗಿಯುವವರೆಗೂ ಕೇಳಿ. ದೋಸೆ ಸೀದರೆ ಸೀಯಲಿ. ಇವತ್ತು ಇಲ್ಲಿಂದ ಮನೆಗೆ ಹೋದಾಗ ಗಲಾಟೆ ಮಾಡುವ ಮಗುವಿನ ಬಗ್ಗೆ ಚಿಂತೆ ಬೇಡ. ಯಾವುದು ಸುಮ್ಮನಿದೆ ಎಂದು ನೋಡಿ. ಅದರ ಪಕ್ಕಕ್ಕೆ ಹೋಗಿ ಕೂತುಕೊಳ್ಳಿ. ಅದು ಬಾಯಿ ಬಿಡುವವರೆಗೂ ಏಳಬೇಡಿ.