ಹಸಿ ಮಣ್ಣಿನ ಮ್ಯಾಲಿನ ಶಿಲುಬಿ

...ಅದಕ್ಕ ಹೇಳಾಕತ್ತೇನಿ ಶರಣ್ಯಾ, ಕಾಕಾನ ಮಗನ ಕೂಡ ಮಾತು ಬಿಟ್ಟೀನಂತ ಮೀಸಿ ತಿರುವಬ್ಯಾಡ, ನಿನಗಿನ್ನಾ ಮೀಸೀನೇ ಬಂದಿಲ್ಲ. ಹೊಲದ ಗಡಿಗೆ ನೆಟ್ಟ ಬಾಂದಿನ ಕಲ್ಲಿನ ಸಲುವಾಗಿ ಮಾತು ಬಿಡೂದು ನಮ್ಮ ಮನಿತನಕ್ಕ ಹೊಸಾದೇನಲ್ಲಪ. ನಾನೂ ಬಿಟ್ಟಿದ್ದೆ, ನಮ್ಮ ಕಾಕಾನ ಮಗ ರೇವಣ್ಣನ ಕೂಡ. ಅದರ ಸಲುವಾಗಿ ಎರಡು ಜೀವ ಹೋದವು, ಗೊತ್ತದೇನು? ನಿನ್ನ ಕಾಕಾನ ಮಗ ಬಸ್ಯಾನೂ ಕೇಳಾಕತ್ತಾನ ನೋಡು ಕಂಬದ ಹಿಂದ. ಕೇಳ್ಲಿ. ಆವಾಗ ಭೀಮಾ ಹೊಳಿ ಆ ದಂಡಿಗೆ ಸ್ವಾತಂತ್ರ್ಯ ಬಂದಿತ್ತು, ಈ ದಂಡಿಗೆ ಬಂದಿರಲಿಲ್ಲ, ನಮ್ಮದು ನಿಜಾಮನ ರಾಜ್ಯ. ಹವಳಗಾದಾಗ ಈಗಿನ ಸಕ್ರಿ ಫ್ಯಾಕ್ಟರಿ ಎಲ್ಲೀದು, ಎಲ್ಲಿ ನೋಡಿದ್ರೂ ಬಿಳಿ ಜ್ವಾಳ. ಬಂದೂಕು ಹಿಡದ ಮಂದಿ ಊರೂರು ತಿರುಗಿ ಕಾಳು ಕಸಗೊಳ್ಳೂದು, ಎತ್ತು ಹೊಡಕೊಂಡು ಹೋಗೂದು. ಅದರಾಗ ಎಲ್ಲಾ ಜಾತಿ ಮಂದಿ ಇದ್ರು, ನಮ್ಮೂರಾವ್ರೂ ಇದ್ರು, ಸುಳ್ಳ್ಯಾಕ ಹೇಳ್ಲಿ. ಒಂದಿನ ನಮ್ಮ ಎತ್ತಿಗೆ ಕೈ ಹಾಕಿದ್ರು. ನಾ ಆವಾಗ ಹೆಂಗಿದ್ದೆ ಅಂತೀರಿ, ತುಂಬಿದ ಚೀಲ ಒಂದ ಕೈಲೆ ಎತ್ತಿ ಗಾಡಿಗೆ ಒಗೀತಿದ್ದೆ. ಬಡಿಗಿ ತಗೊಂಡು ಏಳು ಮಂದೀನ ಮಲಗಿಸಿಬಿಟ್ಟೆ. ಏನು? ನಿಮ್ಮಜ್ಜಿ ಒಳಗಿಂದ "ಒಬ್ಬನೇ" ಅನ್ನಾಕತ್ತಾಳ. ಆತು ಬಿಡಬೇ, ಒಬ್ಬನೇ, ಆದ್ರ ಏಳು ಮಂದ್ಯಷ್ಟು ದಪ್ಪಿದ್ದ. ಅವನ ಕೈ ಮುರೀತು. ಅಲ್ಲಿಂದ ನನ್ನ ಹುಡುಕಾಕ ಶುರು ಮಾಡಿದ್ರು, ಸಿಕ್ಕಲ್ಲಿ ಗುಂಡು ಹಾಕ್ತೀವಂತ.

ಯಾರ ಮನಿಗೆ ಹೋದ್ರೂ ಬಾಗಲಾ ಹಾಕ್ಕೊಂಡ್ರು. ನಮ್ಮ ಬೀಗರೂ ಹಾಕ್ಕೊಂಡ್ರು ನೋಡ್ರಿ! ತೆಗದಾವ್ರು ಅಂತಪ್ಪಣ್ಣ, ಮರಿಯವ್ವಕ್ಕ. ಗಂಡ ಹೆಂಡತಿ ಕ್ರಿಸ್ತಾನರು, ಜೇವರ್ಗಿ ಕಡಿಂದ ಬಂದಾವ್ರು. ಹಗೇವು ಕಡಿಯೂದ್ರಾಗ ಅಂತಪ್ಪಣ್ಣನ ಕೈ ಪಳಗಿತ್ತು. ಹಗೇವು ನೀವು ನೋಡಿಲ್ಲ, ನೆಲದಾಗಿನ ಕಣಜ ಅದು, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು, ಗಡಿಗಿ ಇದ್ದಂಗ. ಜ್ವಾಳ ತುಂಬಿ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತೂದು. ಒಳಗ ಕೆಟ್ಟ ಗಾಳಿ ಹುಟ್ಟತದ, ಹಂಗ ಇಳದಾಂವ ಮ್ಯಾಲ ಬರಾಂಗಿಲ್ಲ. ಅದಕ್ಕ ಮೊದಲ ಬಾಯಿ ತೆರದು ಗಾಳಿ ಆಡಿಸಬೇಕು, ಆಮ್ಯಾಲ ಹಗ್ಗಕ್ಕ ದೀಪಾ ಕಟ್ಟಿ ಬಿಡಬೇಕು. ದೀಪ ಆರಿದ್ರ ಇಳೀಬಾರದು. ಅಂತಪ್ಪಣ್ಣ ಹಂಗ ಎಲ್ಲಾ ನೋಡೇ ನನ್ನ ತನ್ನ ಅರ್ಧ ತುಂಬಿದ ಹಗೇವಿನಾಗ ಇಳಿಸಿದ. "ಕೆಮ್ಮಬ್ಯಾಡ ಮಲ್ಲಣ್ಣ, ಅವರು ಊರು ಬಿಟ್ಟ ಮ್ಯಾಲ ತೆಗೀತೀನಿ" ಅಂದ. ಉಸಿರಿಗೆ ಕಲ್ಲಿನ ಅಂಚಿಗೆ ಬೆರಳಿನಷ್ಟು ಸಂದಿ ಬಿಟ್ಟು ಹುಲ್ಲು ಮುಚ್ಚಿದ. ಮರಿಯವ್ವಕ್ಕ ಮಣ್ಣು ಮೆತ್ತಿದಳು. ಇಲ್ಲೇ ನೋಡ್ರಿ ತಪ್ಪಾತು. ಆಕಿಗೊಂದು ರೂಢಿ. ಹಿಟ್ಟು ನಾದಿದ್ರ ಹಿಟ್ಟಿನ ಮ್ಯಾಲ, ಆಕಳಾ ಹಿಂಡಿದ್ರ ಆಕಳಾ ಹಣಿ ಮ್ಯಾಲ, ಗಡಿಗಿ ಮುಚ್ಚಿದ್ರ ಮುಚ್ಚಳದ ಮ್ಯಾಲ, ಬಲಗೈ ಬಟ್ಟಿಲೆ ಒಂದು ಶಿಲುಬಿ ಬರೀಲಿಕ್ಕೇ ಬೇಕು. ದೇವರ ಕೈಯಾಗ ಕೊಟ್ಟಂಗಂತ. ಈ ಹಸಿ ಮಣ್ಣಿನ ಮ್ಯಾಲೂ ಬರದಳು. ಬರದು ಹುಲ್ಲು ಹರವಿದಳು.

ನಡು ಮಧ್ಯಾಹ್ನ ಆ ಬಂದೂಕಿನ ಮಂದಿ ಬಂದ್ರು, ಮುಂದ ಅವರ ಜಮಾದಾರ. ಕರಕೊಂಡು ಬಂದಾಂವ ಯಾರು? ರೇವಣ್ಣ! ನನ್ನ ರಕ್ತದಾಂವ! ನನಗ ಮ್ಯಾಲಿನ ಮಾತೆಲ್ಲಾ ಕೇಳಸ್ತದ, ಹಗೇವಿನಾಗ ಪಿಸುಮಾತೂ ಗುಡುಗಿದಂಗ ಆಗ್ತದ. ಮನಿ ತಿರುವಿ ಹಾಕಿದ್ರು, ಸಿಗಲಿಲ್ಲ. ರೇವಣ್ಣ ಕಾಲಿಲೆ ಹುಲ್ಲು ಸರಿಸಿದ. "ಜಮಾದಾರ್‍ರ, ಹೋದ ಹುಣ್ಣಿಮಿಗೆ ಮುಚ್ಚಿದ ಹಗೇವು ಇದು, ಮ್ಯಾಲಿನ ಶಿಲುಬಿ ಇನ್ನಾ ಹಸೀ ಅದ ನೋಡ್ರಿ!" ನನ್ನ ಎದಿ ಡವಡವ ಅನ್ನೂದಕ್ಕ ಜ್ವಾಳ ಅಲುಗಾಡಾಕತ್ತಿತ್ತು. ಅಂತಪ್ಪಣ್ಣ ಬಂದು ಕಲ್ಲಿನ ಮ್ಯಾಲ ಕುಂತುಬಿಟ್ಟ. ಆಕೀನೂ ಮಗ್ಗಲಕ್ಕ ಕುಂತಳು.

"ಏಳೋ!" ಅಂದ ಜಮಾದಾರ.

"ಏಳಾಂಗಿಲ್ರಿ."

"ಒಳಗ ಯಾರದಾರ?"

ಕಲ್ಲು ಕರ್ ಅಂತು, ಅಂತಪ್ಪಣ್ಣ ಇನ್ನಾ ಒತ್ತಿ ಕುಂತ.

ಜಮಾದಾರ ನಕ್ಕ. "ಬರೋಬ್ಬರಿ. ಕೊಳ್ಳಾಗ ಶಿಲುಬಿ ಅದಲ್ಲ, ಅದನ್ನ ಮುಟ್ಟಿ ಯಾರೂ ಇಲ್ಲಂತ ಆಣಿ ಮಾಡು. ಕಲ್ಲು ಸೈತ ಮುಟ್ಟಾಂಗಿಲ್ಲ ನಾ, ಹೋಗ್ತೀನಿ."

ನಾ ಕೆಳಗಿಂದ ಮನಸ್ಸಿನಾಗ ಒದರಾಕತ್ತೇನಿ, ಮಾಡೋ ಮಾರಾಯಾ, ಒಂದು ಸುಳ್ಳಾಣಿ ಮಾಡು! ನಾನಂತೂ ಎಲ್ಲಾ ದೇವರ ಮ್ಯಾಲೂ ಮಾಡೀನಿ, ಒಬ್ಬ ದೇವರೂ ಸಿಟ್ಟಾಗಿಲ್ಲ! ಆ ಮನಶ್ಯಾ ಅಂದ, "ಸುಳ್ಳಾಡಿ ಇದನ್ನ ಮುಟ್ಟಾಂಗಿಲ್ರಿ. ಖರೇ ಹೇಳಿ ಮನಶ್ಯಾನ್ನ ಕೊಡಾಂಗಿಲ್ರಿ. ನೀವು ಮಾಡೂದು ಮಾಡ್ರಿ."

"ನೀ ಹೇಳಬೇ, ಗಂಡ ಉಳೀತಾನ."

"ಅವ್ರು ಹೇಳಿದ್ರಲ್ಲರಿ, ನಂದೂ ಅದೇ."

ಆಮ್ಯಾಲ ಮೆಲ್ಲಕ, ಮನಿಗೆ ಬಂದಾವ್ರಿಗೆ ನೀರು ಬೇಕೇನಂತ ಕೇಳಿದಂಗ, ಅಂತಪ್ಪಣ್ಣ ಅಂದ, "ರೇವಣ್ಣ, ನಿನ್ನ ಮ್ಯಾಲ ನಮಗ ಸಿಟ್ಟಿಲ್ಲಪ. ದೇವರಿಗೂ ಹಂಗೇ ಹೇಳೇವಿ." ಅಂದದ್ದೇ, ಗುಂಡು ಹಾರ್ತು. ಮರಿಯವ್ವಕ್ಕ ಕಲ್ಲಿನ ಮ್ಯಾಲ ಅಡ್ಡ ಬಿದ್ದಿರಬೇಕು, ಬಂದೂಕಿನ ಹಿಡಿಲೆ ಹೊಡದ ಸಪ್ಪಳ ಕೇಳ್ತು. ಬ್ಯಾಡ, ಅದನ್ನ ಹೇಳಾಂಗಿಲ್ಲ.

ಕಲ್ಲು ಸರೀತು. ಬೆಳಕು ಬಿತ್ತು. ನಾ ಪಲ್ಲಿ ಹಂಗ ಗ್ವಾಡಿಗೆ ಅಂಟಿ ನಿಂತೆ. ಜಮಾದಾರ ರೇವಣ್ಣಗ "ಇಳೀ" ಅಂದ. ಇವಾ, "ಮೊದಲ ದೀಪಾ ಬಿಟ್ಟು ನೋಡ್ತೇನ್ರಿ, ಕೆಟ್ಟ ಗಾಳಿ ಇರ್ತದ" ಅಂದ. ಹಣತಿ ಇಳದು ಬಂತು ತೂಗಾಡಕೋಂತ. ನನ್ನ ಮಾರಿ ಮುಂದ ಬಂತು. ಇನ್ನೊಂದು ಮೊಳ ಇಳದ್ರ ನನ್ನ ಕಾಲು ಕಾಣ್ತಾವ. ಏನು ಮಾಡ್ದೆ ಹೇಳ್ರಿ? ಉಫ್! ಊದಿಬಿಟ್ಟೆ! ಇಡೀ ಅಫಜಲಪುರ ತಾಲೂಕಿನಾಗ ಅಂಥಾ ಶಾಣ್ಯಾತನ ಯಾರಿಗೂ ಹೊಳೀತಿರಲಿಲ್ಲ. ಮ್ಯಾಲ ರೇವಣ್ಣ ಹಗೇವಿನ ಬಾಯಿ ಮ್ಯಾಲ ಬಗ್ಗಿ ನೋಡಿ, "ದೀಪ ಆರ್ತು ಜಮಾದಾರ್‍ರ. ಒಳಗ ಇದ್ದಾಂವ ಸತ್ತಾನ" ಅಂದ. ಹೋದ್ರು. ಹಗ್ಗ ಅಲ್ಲೇ ಒಗದು ಹೋದ್ರು.

ಸತ್ತಾಳಂತ ತಿಳಕೊಂಡಿದ್ರಲ್ಲ ಮರಿಯವ್ವಕ್ಕನ್ನ, ಸತ್ತಿರಲಿಲ್ಲ. ತೆವಳಕೊಂಡು ಬಂದು ಹಗ್ಗದ ಮ್ಯಾಲಿನ ತುದಿ ಗೂಟಕ್ಕ ಸುತ್ತಿದಳು. ನಾ ಏರಿ ಬಂದೆ. ಗಂಡನ ಕೈ ಹಿಡಕೊಂಡು ಮಲಗಿದ್ದಳು. "ತಮ್ಮಾ, ರೇವಣ್ಣಗ ಏನೂ ಮಾಡಬ್ಯಾಡ. ನಾವು ಬಿಟ್ಟೀವಿ, ನೀನೂ ಬಿಡು" ಅಂದು ಮಣ್ಣಿನ ಬಟ್ಟಿಲೆ ನನ್ನ ಹಣಿಗೆ ಶಿಲುಬಿ ಬರದಳು. ವಿಭೂತಿ ಹಚ್ಚೂ ಹಣಿಗಪಾ! ಬಟ್ಟು ಅಲ್ಲೇ ನಿಂತುಬಿಡ್ತು.

ನಾ ಬಿಡತೇನೇನು? ಕೊಡ್ಲಿ ತಗೊಂಡೆ. ರೇವಣ್ಣ ತನ್ನ ಹೊಲದಾಗ ಬಾಂದಿನ ಕಲ್ಲಿನ ಮ್ಯಾಲ ಕುಂತಿದ್ದ, ನಮ್ಮ ಜಗಳದ ಕಲ್ಲು. ಓಡಲಿಲ್ಲ. "ಬಾ ಮಲ್ಲ್ಯಾ, ಬರ್ತಿ ಅಂತ ಗೊತ್ತಿತ್ತು" ಅಂದ.

"ಹೆಂಗ ಗೊತ್ತಿತ್ತಲೇ? ಸತ್ತಾನಂತ ನೀನೇ ಅಂದ್ಯಲ್ಲ!"

"ಕೆಟ್ಟ ಗಾಳಿಗೆ ದೀಪ ಸಣ್ಣಾಗಿ, ಸಣ್ಣಾಗಿ, ತಾನ ಆರತದ. ನಿಂದು ಫಕ್ಕನ ಆರ್ತು. ಹಗ್ಗ ಸೈತ ಅಲುಗಾಡ್ತು. ನಾನೇನು ಹಗೇವು ಕಂಡಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

ಮಾರಿ ಮ್ಯಾಲ ಟಾವೆಲ್ ಹಾಕ್ಕೊಂಡ. "ಆ ಮನಶ್ಯಾ ಸಿಟ್ಟಿಲ್ಲಂದ್ನಲ್ಲೋ. ಬೈದಿದ್ರ ಹೇಳಿಬಿಡ್ತಿದ್ದೆ."

ಕೊಡ್ಲಿ ಕೈಯಾಗ ಎಷ್ಟು ಭಾರ ಆತು ಅಂತೀರಿ, ಚೀಲ ಎತ್ತೂ ಕೈಗೆ! ಆ ಕೊಡ್ಲೀಲೇ ಇಬ್ರೂ ಕೂಡಿ ಮುಳ್ಳುಕಂಟಿ ಕಡದು ಜಾಗಾ ಮಾಡಿದ್ವಿ, ಒಂದ ಕುಣ್ಯಾಗ ಗಂಡ ಹೆಂಡತೀನ ಮಣ್ಣು ಮಾಡಿದ್ವಿ. ಮ್ಯಾಲ ಏನಿಡಬೇಕು ಗೊತ್ತಾಗಲಿಲ್ಲ. ರೇವಣ್ಣ ಆ ಬಾಂದಿನ ಕಲ್ಲು ಕಿತ್ತು ತಂದು ತಲಿ ಕಡೆ ನಿಲ್ಲಿಸಿದ. ಅವತ್ತಿಂದ ನಮ್ಮಿಬ್ಬರ ಹೊಲದ ನಡುವ ಕಲ್ಲಿಲ್ಲ. ನಿಮ್ಮಪ್ಪಗೋಳು ಮತ್ತ ಹೊಸಾದು ನೆಟ್ಟಾರ, ಅದಕ್ಕ ನೀವಿಬ್ರೂ ಬಡದಾಡಾಕತ್ತೀರಿ.

ದೀಪಾ ಊದಿದಾಂವ ನಾನೇ, ಅದರಾಗ ದೂಸ್ರಾ ಮಾತಿಲ್ಲ. ಆದ್ರ ಉಳಿಸಿದ್ದು ಊದಿದ್ದಲ್ಲ. ಸಿಟ್ಟು ಒಳಗ ಮುಚ್ಚಿ ಇಡಬ್ಯಾಡ್ರೋ, ಕೆಟ್ಟ ಗಾಳಿ ಆಗ್ತದ. ಏಳು ಶರಣ್ಯಾ, ರೊಟ್ಟಿ ಆರಾಕತ್ಯಾವ, ಕಂಬದ ಹಿಂದಿನಾವನ್ನ ಉಣ್ಣಾಕ ಕರಿ.